ಕಮ್ಮಟದ ಅಚ್ಚು ಮತ್ತು ಕಥೆಯ ನಡೆ

ಕನ್ನಡದಲ್ಲಿ ‘ಕಮ್ಮಟ’ ಎಂಬ ಪದದ ಹಳೆಯ ಅರ್ಥ ಟಂಕಸಾಲೆ, ಅಂದರೆ ನಾಣ್ಯಗಳಿಗೆ ಮುದ್ರೆಯೊತ್ತುವ ಸ್ಥಳ. ಬರಹಗಾರರ ತರಬೇತಿ ಶಿಬಿರಕ್ಕೆ ಈ ಪದವನ್ನು ಆರಿಸಿದವರ ಮನಸ್ಸಿನಲ್ಲಿ, ಕಚ್ಚಾ ಲೋಹಕ್ಕೆ ಮೌಲ್ಯ ಬರುವ ಜಾಗ ಎಂಬ ಸದ್ಭಾವವೇ ಇದ್ದಿರಬೇಕು. ಆದರೆ ಟಂಕಸಾಲೆಗೆ ಇನ್ನೊಂದು ಗುಣವೂ ಇದೆ. ಅಲ್ಲಿಂದ ಹೊರಬರುವ ನಾಣ್ಯಗಳೆಲ್ಲ ಒಂದೇ ತೂಕ, ಒಂದೇ ಅಳತೆ, ಒಂದೇ ಮುಖ. ಇಂದಿನ ಕಥಾ ಕಮ್ಮಟಗಳಲ್ಲಿ ಕಥೆಯ ಗತಿಯನ್ನು ಕುರಿತು ನಡೆಯುತ್ತಿರುವ ಬೋಧನೆ ಈ ಎರಡನೆಯ ಗುಣವನ್ನೇ ಹೆಚ್ಚು ಮೈಗೂಡಿಸಿಕೊಂಡಿದೆ.

ಆ ಬೋಧನೆಯ ಸೂತ್ರಗಳು ಎಲ್ಲರಿಗೂ ಪರಿಚಿತ. ಕಥೆಯನ್ನು ಘಟನೆಯ ನಡುವಿನಿಂದಲೇ ಆರಂಭಿಸಬೇಕು. ಮೊದಲ ಪರಿಚ್ಛೇದದಲ್ಲಿಯೇ ಓದುಗನನ್ನು ಕೊಕ್ಕೆ ಹಾಕಿ ಎಳೆಯಬೇಕು. ವರ್ಣನೆಯನ್ನು ಕತ್ತರಿಸಬೇಕು. ಪೂರ್ವಕಥೆಯನ್ನು ಚೂರುಚೂರಾಗಿ ಹಂಚಬೇಕು. ವೇಗ ಬೇಕಾದಲ್ಲಿ ಚಿಕ್ಕ ಚಿಕ್ಕ ವಾಕ್ಯಗಳನ್ನು ಬರೆಯಬೇಕು. ಹೇಳಬಾರದು, ತೋರಿಸಬೇಕು. ಶಿಬಿರಾರ್ಥಿ ತನ್ನ ಕಥೆಯನ್ನು ಓದಿ ಮುಗಿಸಿದೊಡನೆ ಬರುವ ಟೀಕೆಗಳೂ ಈ ಸೂತ್ರಗಳ ಪಡಿಯಚ್ಚುಗಳೇ: ‘ನಡುವೆ ಎಳೆದಿದೆ’, ‘ಸ್ಲೋ ಆಯಿತು’, ‘ಇನ್ನೂ ಟೈಟ್ ಆಗಬೇಕು’. ಎಲ್ಲಿ ಎಳೆದಿದೆ, ಯಾವುದಕ್ಕೆ ಹೋಲಿಸಿದರೆ ಎಳೆದಿದೆ, ಎಳೆದದ್ದರಿಂದ ಕಥೆಯ ಅರ್ಥಕ್ಕೆ ಏನು ನಷ್ಟವಾಯಿತು ಎಂದು ಕೇಳುವವರು ವಿರಳ. ಗತಿ ಎಂದರೆ ವೇಗ, ವೇಗ ಎಂದರೆ ಗುಣ ಎಂಬ ಸಮೀಕರಣ ಅಷ್ಟು ಗಟ್ಟಿಯಾಗಿ ನೆಲೆಯೂರಿದೆ.

ಈ ಸಮೀಕರಣ ತಪ್ಪು. ಅದು ಸಿದ್ಧಾಂತದ ದೃಷ್ಟಿಯಿಂದಲೂ ತಪ್ಪು, ಕನ್ನಡ ಕಥನದ ಅನುಭವದ ದೃಷ್ಟಿಯಿಂದಲೂ ತಪ್ಪು, ಕನ್ನಡ ವಾಕ್ಯದ ಸ್ವಭಾವದ ದೃಷ್ಟಿಯಿಂದಲಂತೂ ಪೂರ್ಣ ತಪ್ಪು. ಅದನ್ನು ಎರಡು ದಿನಗಳ ಶಿಬಿರದಲ್ಲಿ ಇಪ್ಪತ್ತರ ಹರೆಯದ ಬರಹಗಾರನ ತಲೆಗೆ ತುಂಬಿದರೆ, ಅವನು ಮುಂದೆ ಹಲವು ವರ್ಷಗಳ ಕಾಲ ತನ್ನ ಕೈಯಾರೆ ತನ್ನ ಕಥೆಗಳ ಜೀವಸ್ಥಾನವನ್ನೇ ಕತ್ತರಿಸುತ್ತ ಹೋಗುತ್ತಾನೆ.

ಮೊದಲು ಈ ಸೂತ್ರಗಳ ಮೂಲವನ್ನು ನೋಡಬೇಕು. ಏರಿಕೆ, ಶಿಖರ, ಇಳಿಕೆ ಎಂಬ ಪಿರಮಿಡ್ಡಿನ ಚಿತ್ರವನ್ನು ಜರ್ಮನಿಯ ಗುಸ್ತಾವ್ ಫ್ರೈಟಾಗ್ 1863ರಲ್ಲಿ ಪ್ರಕಟಿಸಿದ್ದು ನಾಟಕದ ತಂತ್ರವನ್ನು ಕುರಿತ ಗ್ರಂಥದಲ್ಲಿ. ಮೂರಂಕಗಳ ಹಂದರವನ್ನು ಜನಪ್ರಿಯಗೊಳಿಸಿದ ಸಿಡ್ ಫೀಲ್ಡ್ 1979ರಲ್ಲಿ ಬರೆದದ್ದು ಚಿತ್ರಕಥೆಯನ್ನು ಕುರಿತು. ಯಾವ ಪುಟದಲ್ಲಿ ಯಾವ ತಿರುವು ಬರಬೇಕೆಂದು ಹದಿನೈದು ಘಟ್ಟಗಳ ಪಟ್ಟಿ ಕೊಟ್ಟ ಬ್ಲೇಕ್ ಸ್ನೈಡರ್ 2005ರಲ್ಲಿ ಕಣ್ಣಮುಂದಿಟ್ಟುಕೊಂಡದ್ದು ಹಾಲಿವುಡ್ಡಿನ 110 ಪುಟಗಳ ಚಿತ್ರಕಥೆಯನ್ನು. ಇವೆಲ್ಲವೂ ರಂಗಕ್ಕೆ, ತೆರೆಗೆ ಹುಟ್ಟಿದ ವಿಚಾರಗಳು. ಅಲ್ಲಿ ಇವುಗಳಿಗೆ ಅರ್ಥವಿದೆ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ವಾಡಿಕೆಯ ಲೆಕ್ಕವಿದೆ. ಪ್ರೇಕ್ಷಕನ ಕಾಲ ಅಲ್ಲಿ ಯಂತ್ರದ ವಶ. ಅವನು ಹಿಂದಿನ ದೃಶ್ಯಕ್ಕೆ ಮರಳಲಾರ, ಒಂದು ಮಾತಿನ ಮೇಲೆ ಕಣ್ಣಿಟ್ಟು ನಿಲ್ಲಲಾರ.

ಓದುಗನ ಸ್ಥಿತಿ ಬೇರೆ. ಪುಟ ಅವನ ಕೈಯಲ್ಲಿದೆ, ಕಾಲವೂ ಅವನ ಕೈಯಲ್ಲಿದೆ. ಅವನು ನಿಲ್ಲಬಲ್ಲ, ಹಿಂದಿರುಗಬಲ್ಲ, ಜಿಗಿಯಬಲ್ಲ. ಅವನ ಓದಿನ ನಡೆಯನ್ನು ನಿಯಂತ್ರಿಸಲು ಕಥೆಗಾರನ ಬಳಿ ಗಡಿಯಾರವಿಲ್ಲ. ಅವನ ಬಳಿ ಇರುವುದು ವಾಕ್ಯ, ಪರಿಚ್ಛೇದ ಮತ್ತು ಯಾವುದಕ್ಕೆ ಎಷ್ಟು ಜಾಗ ಕೊಡಬೇಕೆಂಬ ತೀರ್ಮಾನ ಮಾತ್ರ. ಚಿತ್ರಕಥೆಯ ಗಡಿಯಾರವನ್ನು ತಂದು ಕಥೆಯ ಕೊರಳಿಗೆ ಕಟ್ಟುವವರು ಎರಡು ಮಾಧ್ಯಮಗಳ ನಡುವಿನ ಈ ಮೂಲಭೂತ ವ್ಯತ್ಯಾಸವನ್ನೇ ಗಮನಿಸಿಲ್ಲ.

ಗತಿಯನ್ನು ಕುರಿತು ಶಾಸ್ತ್ರೀಯವಾಗಿ ಯೋಚಿಸಿದವರು ವೇಗದ ಪರವಾಗಿ ವಕಾಲತ್ತು ವಹಿಸಿದವರಲ್ಲ. ಜರ್ಮನಿಯ ಗ್ಯುಂಟರ್ ಮ್ಯುಲ್ಲರ್ ಕಥಿಸುವ ಕಾಲ ಮತ್ತು ಕಥಿತವಾದ ಕಾಲ ಎಂಬ ಎರಡನ್ನು ಬೇರ್ಪಡಿಸಿದ. ಫ್ರಾನ್ಸಿನ ಜೆರಾರ್ ಜೆನೆಟ್ 1972ರಲ್ಲಿ ಪ್ರಕಟಿಸಿದ ಕಥನಮೀಮಾಂಸೆಯಲ್ಲಿ ಈ ಎರಡು ಕಾಲಗಳ ಅನುಪಾತವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ. ಕಾಲ ಸರಿದರೂ ಕಥನ ಮೌನವಾಗಿರುವುದು ಲೋಪ. ಹತ್ತು ವರ್ಷಗಳು ಹತ್ತು ಸಾಲಿನಲ್ಲಿ ಮುಗಿಯುವುದು ಸಂಕ್ಷೇಪ. ಮಾತು, ಕ್ರಿಯೆಗಳು ಹೆಚ್ಚುಕಡಿಮೆ ನಡೆದಷ್ಟೇ ಅವಧಿಯಲ್ಲಿ ಹೇಳಲ್ಪಡುವುದು ದೃಶ್ಯ. ಕಥೆಯ ಕಾಲ ನಿಂತು ಕಥನ ಮುಂದುವರಿಯುವುದು ವಿರಾಮ. ಗತಿ ಎಂದರೆ ಈ ನಾಲ್ಕರ ಬಳಕೆ ಮತ್ತು ಒಂದರಿಂದ ಇನ್ನೊಂದಕ್ಕೆ ಸರಿಯುವ ಬಗೆ. ಒಂದೇ ವೇಗದಲ್ಲಿ ಓಡುವ ಕಥೆಗೆ, ಆ ವೇಗ ಎಷ್ಟೇ ಹೆಚ್ಚಿರಲಿ, ಗತಿಯೇ ಇಲ್ಲ. ನಾಲ್ಕು ಗಂಟೆ ಒಂದೇ ಕಾಲದಲ್ಲಿ ಬಾರಿಸಿದ ಮದ್ದಳೆಯಂತೆ ಅದು ಕಿವಿಗೆ ಬಿದ್ದರೂ ಕೇಳಿಸುವುದಿಲ್ಲ.

ಈ ವಿಂಗಡಣೆಯ ಬೆಳಕಿನಲ್ಲಿ ಕಮ್ಮಟದ ಸೂತ್ರಗಳನ್ನು ನೋಡಿದರೆ ಅವುಗಳೊಳಗಿನ ವಿರೋಧ ಬಯಲಾಗುತ್ತದೆ. ‘ಹೇಳಬೇಡಿ, ತೋರಿಸಿ’ ಎಂಬುದು ಸಂಕ್ಷೇಪವನ್ನು ನಿಷೇಧಿಸಿ ದೃಶ್ಯವನ್ನು ಕಡ್ಡಾಯಗೊಳಿಸುವ ಆಜ್ಞೆ. ಆದರೆ ಕಾಲವನ್ನು ಅತ್ಯಂತ ವೇಗವಾಗಿ ದಾಟಿಸಬಲ್ಲ ಉಪಕರಣ ಸಂಕ್ಷೇಪವೇ. ದೃಶ್ಯ ಸ್ವಭಾವತಃ ನಿಧಾನ. ಒಂದು ಕೈಯಿಂದ ಸಂಕ್ಷೇಪವನ್ನು ಕಸಿದುಕೊಂಡು, ಇನ್ನೊಂದು ಕೈಯಿಂದ ‘ಬೇಗ, ಬೇಗ’ ಎಂದು ಬೆನ್ನು ತಟ್ಟುವ ಬೋಧಕನಿಗೆ ಶಿಷ್ಯ ಏನು ಮಾಡಬೇಕು? ಅವನಿಗೆ ಉಳಿಯುವುದು ಒಂದೇ ದಾರಿ: ದೃಶ್ಯಗಳನ್ನು ತುಂಡರಿಸಿ, ನಡುವೆ ಮೂರು ಚುಕ್ಕಿ ಇಟ್ಟು, ಮುಂದಿನ ದೃಶ್ಯಕ್ಕೆ ನೆಗೆಯುವುದು. ಇಂದಿನ ಅನೇಕ ಸಣ್ಣಕಥೆಗಳು ಧಾರಾವಾಹಿಯ ಕಂತುಗಳಂತೆ ಕಾಣುವುದಕ್ಕೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ.

ಇನ್ನು ಕನ್ನಡದ ಕಥನವನ್ನೇ ನೋಡಬಹುದು. ಕನ್ನಡ ಗದ್ಯಕಥನದ ಅಧ್ಯಯನ ಆರಂಭವಾಗಬೇಕಾದದ್ದು ವಡ್ಡಾರಾಧನೆಯಿಂದ. ಸುಮಾರು ಹತ್ತನೆಯ ಶತಮಾನದ ಈ ಕೃತಿಯ ಹತ್ತೊಂಬತ್ತು ಕಥೆಗಳನ್ನು ಪಠ್ಯವಾಗಿ ಓದುವ ವಿದ್ಯಾರ್ಥಿಗಳು ಬಹಳ. ಅವುಗಳನ್ನು ಕಥನಕಲೆಯ ಪಾಠವಾಗಿ ಓದುವವರು ಕಡಿಮೆ. ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯಲ್ಲಿ ನಾಗಶ್ರೀಯ ಪ್ರಸಂಗ ಬರುತ್ತದೆ. ಬಾಲಕಿ ನಾಗಶ್ರೀ ಮುನಿಯಿಂದ ಐದು ಅಣುವ್ರತಗಳನ್ನು ಸ್ವೀಕರಿಸುತ್ತಾಳೆ. ತಂದೆ ನಾಗಶರ್ಮ ಸಿಟ್ಟಾಗುತ್ತಾನೆ. ವ್ರತಗಳನ್ನು ಕೊಟ್ಟವನಿಗೇ ಹಿಂದಿರುಗಿಸಿ ಬರುವುದೆಂದು ತಂದೆ-ಮಗಳು ಹೊರಡುತ್ತಾರೆ. ಕಥಾವಸ್ತುವಿನ ಲೆಕ್ಕದಲ್ಲಿ ಇದು ಒಂದು ವಾಕ್ಯದ ಕೆಲಸ: ಹೋದರು, ಮುನಿಯನ್ನು ಕಂಡರು.

ಕಥೆಗಾರ ಅವರನ್ನು ಹಾಗೆ ಹೋಗಗೊಡುವುದಿಲ್ಲ. ದಾರಿಯಲ್ಲಿ ಶಿಕ್ಷೆಗೆ ಗುರಿಯಾದ ಒಬ್ಬ ಅಪರಾಧಿ ಎದುರಾಗುತ್ತಾನೆ. ಇವನಿಗೆ ಈ ಶಿಕ್ಷೆ ಏಕೆಂದು ಮಗಳು ಕೇಳುತ್ತಾಳೆ, ತಂದೆ ಅವನ ಕಥೆ ಹೇಳುತ್ತಾನೆ. ಅವನು ಮಾಡಿದ್ದು ಹಿಂಸೆ. ತಾನು ಬಿಡುವುದಾಗಿ ವ್ರತ ತೊಟ್ಟದ್ದೂ ಅದನ್ನೇ ಅಲ್ಲವೇ ಎಂಬುದು ಮಗಳ ಪ್ರಶ್ನೆ. ತಂದೆ ಆ ಒಂದು ವ್ರತವನ್ನು ಇಟ್ಟುಕೊಳ್ಳಲು ಒಪ್ಪಿ, ಉಳಿದವನ್ನು ಹಿಂದಿರುಗಿಸಲು ಮುಂದೆ ನಡೆಯುತ್ತಾನೆ. ಮತ್ತೊಬ್ಬ ಅಪರಾಧಿ, ಮತ್ತೊಂದು ಕಥೆ, ಮತ್ತೊಂದು ವ್ರತ. ಹೀಗೆ ಐದು ಸಲ. ಒಂದೊಂದು ನಿಲುಗಡೆಯಲ್ಲಿಯೂ ತಂದೆಯ ಹಟ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತದೆ. ಮುನಿಯ ಬಳಿಗೆ ಬರುವ ಹೊತ್ತಿಗೆ ಹಿಂದಿರುಗಿಸಲು ಅವನ ಕೈಯಲ್ಲಿ ಏನೂ ಉಳಿದಿಲ್ಲ.

ಕಮ್ಮಟದ ಕತ್ತರಿಗೆ ಈ ಭಾಗ ಸಿಕ್ಕಿದ್ದರೆ ಅದರ ಗತಿ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ‘ಒಂದೇ ಬಗೆಯ ಐದು ಘಟನೆಗಳು ಬೇಡ, ಒಂದು ಸಾಕು’ ಎಂಬ ಸಲಹೆ ಬರುತ್ತಿತ್ತು. ಆದರೆ ಇಲ್ಲಿನ ನಿಧಾನವೇ ವಾದ. ಉಪದೇಶದಿಂದ ಬದಲಾಗದ ಮನುಷ್ಯ ನಡೆದ ದಾರಿಯಿಂದ ಬದಲಾದ ಎಂಬುದು ಕಥೆಯ ಅರ್ಥವಾದರೆ, ದಾರಿಯನ್ನು ಕತ್ತರಿಸಿದವನು ಅರ್ಥವನ್ನೇ ಕತ್ತರಿಸಿದ ಹಾಗಾಯಿತು.

ಅದೇ ಕಥೆಯ ಉತ್ತರಾರ್ಧ ಇನ್ನೂ ತೀಕ್ಷ್ಣವಾದ ಪಾಠ. ಸುಕುಮಾರನ ಐಷಾರಾಮದ ವಿವರಗಳಿಗೆ ಕಥೆ ಧಾರಾಳವಾಗಿ ಜಾಗ ಕೊಡುತ್ತದೆ. ಅರಸನಿಗೆ ಕೊಳ್ಳಲಾಗದ ರತ್ನಕಂಬಳಿಯನ್ನು ತಾಯಿ ಯಶೋಭದ್ರೆ ಕೊಂಡು, ತುಂಡರಿಸಿ ಸೊಸೆಯರಿಗೆ ಪಾದರಕ್ಷೆ ಮಾಡಿಸುತ್ತಾಳೆ. ಅರಸ ಮನೆಗೆ ಬಂದಾಗ ದೀಪದ ಬೆಳಕಿಗೆ ಮಗನ ಕಣ್ಣಲ್ಲಿ ನೀರು ಬರುತ್ತದೆ. ರತ್ನದ ಬೆಳಕಲ್ಲದೆ ಬೇರೆ ಬೆಳಕನ್ನು ಆ ಕಣ್ಣು ಕಂಡಿಲ್ಲ. ಮಂಗಳಕ್ಕೆಂದು ಚೆಲ್ಲಿದ ಸಾಸಿವೆಯ ಕಾಳು ಅವನ ಮೈಗೆ ಒತ್ತುತ್ತದೆ. ಇವೆಲ್ಲ ‘ವರ್ಣನೆ’, ಆದ್ದರಿಂದ ಕತ್ತರಿಸಬೇಕಾದದ್ದು ಎನ್ನುವವರು ಕಥೆಯ ಕೊನೆಯನ್ನು ನೆನೆಯಬೇಕು. ಇದೇ ದೇಹ ಕಾಡಿನಲ್ಲಿ ನಿಶ್ಚಲವಾಗಿ ನಿಂತಿರುವಾಗ ಹೆಣ್ಣುನರಿ ತನ್ನ ಮರಿಗಳೊಡನೆ ಅದನ್ನು ಕಾಲಿನಿಂದ ಆರಂಭಿಸಿ ತಿನ್ನುತ್ತದೆ. ಸಾಸಿವೆ ಕಾಳನ್ನು ಸಹಿಸದ ಮೈ ಎಂದು ಮೊದಲು ಬಿಡುವಾಗಿ ಹೇಳದೆ ಹೋಗಿದ್ದರೆ, ಈ ಸಹನೆ ಒಂದು ಮಾಹಿತಿಯಾಗಿ ಉಳಿಯುತ್ತಿತ್ತು. ಮುಂಚಿನ ನಿಧಾನ ಹಿಂದಿನ ಆಘಾತಕ್ಕೆ ಕೂಡಿಟ್ಟ ಬಂಡವಾಳ.

ಜನ್ನನ ಯಶೋಧರಚರಿತೆ ಇನ್ನೊಂದು ಬಗೆಯ ಮಾದರಿ. 1209ರ ಈ ಕಾವ್ಯ ಗಾತ್ರದಲ್ಲಿ ಚಿಕ್ಕದು. ಮುನ್ನೂರಕ್ಕೆ ಸ್ವಲ್ಪ ಮೀರಿದ ಪದ್ಯಗಳು, ಅವುಗಳಲ್ಲಿ ಬಹುಪಾಲು ಕಂದ. ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ಹಿಡಿದು ತಂದ ಅಣ್ಣ-ತಂಗಿ ಅರಸ ಮಾರಿದತ್ತನ ಮುಂದೆ ನಿಂತಿದ್ದಾರೆ. ಕತ್ತಿ ಎದುರಿಗಿದೆ. ನೀವು ಯಾರೆಂದು ಅರಸ ಕೇಳುತ್ತಾನೆ. ಕಾವ್ಯದ ಕಥೆಯೆಲ್ಲ ಆ ಪ್ರಶ್ನೆಗೆ ಉತ್ತರವಾಗಿ, ಆ ಕತ್ತಿಯ ಕೆಳಗೆ ಹೇಳಲ್ಪಡುತ್ತದೆ. ಘಟನೆಯ ನಡುವಿನಿಂದ ಆರಂಭಿಸುವ ತಂತ್ರ ಕನ್ನಡಕ್ಕೆ ಹಾಲಿವುಡ್ಡಿನಿಂದ ಬರಬೇಕಾಗಿರಲಿಲ್ಲ ಎಂಬುದು ಇಲ್ಲಿ ಸಣ್ಣ ಮಾತು. ದೊಡ್ಡ ಮಾತು ಅನುಪಾತದ್ದು. ನಸುಕಿನಲ್ಲಿ ಮಾವುತನ ಹಾಡು ಕೇಳಿ ಅಮೃತಮತಿಯ ಮನಸ್ಸು ಜಾರುವುದು, ಅರಸ ಅವಳನ್ನು ಹಿಂಬಾಲಿಸಿ ಹೋಗಿ ಕಾಣುವುದು, ಎತ್ತಿದ ಕತ್ತಿಯನ್ನು ತಡೆಹಿಡಿಯುವುದು, ತಾಯಿಗೆ ನಿಜ ಹೇಳಲಾಗದೆ ಕನಸೆಂದು ಹೇಳುವುದು, ಹಿಟ್ಟಿನ ಕೋಳಿಯನ್ನು ಕಡಿಯುವುದು: ಕೆಲವೇ ದಿನಗಳ ಈ ಸಂಗತಿಗಳಿಗೆ ಜನ್ನ ಬಿಡುವು ಕೊಡುತ್ತಾನೆ. ಆಮೇಲೆ ತಾಯಿ-ಮಗ ನವಿಲು, ನಾಯಿ, ಹಾವು, ಮೀನು, ಆಡು, ಕೋಳಿಗಳಾಗಿ ಹುಟ್ಟಿ ಸಾಯುವ ಜನ್ಮಜನ್ಮಾಂತರಗಳಿಗೆ ಒಂದೊಂದಕ್ಕೆ ಕೆಲವೇ ಪದ್ಯಗಳು.

ಒಂದು ರಾತ್ರಿಗೆ ಹಿಗ್ಗಿದ ಕಥನ ಹಲವು ಜನ್ಮಗಳಿಗೆ ಕುಗ್ಗುತ್ತದೆ. ಇದು ಅವಸರವೂ ಅಲ್ಲ, ಅಲಕ್ಷ್ಯವೂ ಅಲ್ಲ. ಸಂಕಲ್ಪ ನಡೆಯುವ ಕ್ಷಣಕ್ಕೆ ಕಾಲ ಬೇಕು, ಏಕೆಂದರೆ ಅಲ್ಲಿ ಆಯ್ಕೆಯಿದೆ. ಫಲ ಬರುವಾಗ ಆಯ್ಕೆಯಿಲ್ಲ, ಆದ್ದರಿಂದ ಅದು ಚಕ್ರದಂತೆ ಉರುಳುತ್ತದೆ. ಕಾವ್ಯದ ತಾತ್ತ್ವಿಕ ನಿಲುವು ಗತಿಯಲ್ಲಿಯೇ ಅಡಗಿದೆ. ಅದನ್ನು ಬಿಡಿಸಿ ಹೇಳುವ ಪದ್ಯಗಳು ಇಲ್ಲದಿದ್ದರೂ ಅದು ಓದುಗನಿಗೆ ಮುಟ್ಟುತ್ತಿತ್ತು.

ಪಂಪನ ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ಇದಕ್ಕೆ ಸೇರಿಸಬಹುದು. 941ರ ಈ ಕೃತಿಯಲ್ಲಿ ಆದಿದೇವನ ಹಿಂದಿನ ಜನ್ಮಗಳು ಆಶ್ವಾಸಗಳುದ್ದಕ್ಕೂ ಹರಿದು ಬರುತ್ತವೆ. ನರ್ತಕಿಯ ಆಯುಷ್ಯ ನೃತ್ಯದ ನಡುವೆ ಮುಗಿಯುವುದು ಒಂದು ಕಣ್ಣರೆಪ್ಪೆಯ ಹೊತ್ತು. ರಸಭಂಗವಾಗದಿರಲೆಂದು ಇಂದ್ರ ಅವಳಂಥವಳನ್ನೇ ತತ್‌ಕ್ಷಣ ನಿಲ್ಲಿಸುತ್ತಾನೆ, ಸಭೆಗೆ ಗೊತ್ತಾಗುವುದಿಲ್ಲ, ಆದಿದೇವನಿಗೆ ಗೊತ್ತಾಗುತ್ತದೆ. ಆ ಒಂದು ಕ್ಷಣ ಕಾಣಬೇಕಾದರೆ ಅದಕ್ಕೆ ಮೊದಲು ನೃತ್ಯ ಸಾಕಷ್ಟು ಹೊತ್ತು ನಡೆಯಲೇಬೇಕು. ಓದುಗನೂ ಸಭೆಯಂತೆ ಅದರಲ್ಲಿ ಮೈಮರೆಯಬೇಕು. ನೃತ್ಯದ ವರ್ಣನೆಯನ್ನು ಬಿಟ್ಟುಕೊಟ್ಟರೆ ಉಳಿಯುವುದು ಒಂದು ಮರಣವಾರ್ತೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು. ಇವೆಲ್ಲ ಹಳೆಯ ಕಾವ್ಯಗಳು. ಸಭೆಯಲ್ಲಿ ಓದಿ ಕೇಳುತ್ತಿದ್ದ ಕಾಲದವು. ಇಂದಿನ ಓದುಗ ಮೊಬೈಲಿನ ಮೇಲೆ ಬೆರಳಾಡಿಸುವವನು, ಅವನಿಗೆ ಪುರುಸೊತ್ತಿಲ್ಲ ಎಂದು. ಆಕ್ಷೇಪದ ಒಂದು ಭಾಗ ನಿಜ. ಓದುಗನ ಸಮಯದ ಮೇಲೆ ಇಂದು ಹಿಂದೆಂದಿಗಿಂತ ಹೆಚ್ಚು ಹಕ್ಕುದಾರರಿದ್ದಾರೆ. ಆದರೆ ಅದರಿಂದ ತೀರುವ ನಿರ್ಣಯ ವೇಗದ್ದಲ್ಲ. ಆಧುನಿಕ ಕನ್ನಡ ಓದುಗ ಕೈಬಿಡದೆ ಉಳಿಸಿಕೊಂಡ ಕೃತಿಗಳನ್ನೇ ಸಾಕ್ಷಿಗೆ ಕರೆಯಬಹುದು.

ಅನಂತಮೂರ್ತಿಯವರ ‘ಸಂಸ್ಕಾರ’ (1965) ಚಿಕ್ಕ ಕಾದಂಬರಿ. ನಾರಣಪ್ಪನ ಹೆಣ ಅಗ್ರಹಾರದಲ್ಲಿ ಬಿದ್ದಿದೆ. ಸಂಸ್ಕಾರವಾಗದೆ ಯಾರೂ ಊಟ ಮಾಡುವಂತಿಲ್ಲ. ಈ ಒಂದು ಸ್ಥಿತಿಯನ್ನಿಟ್ಟ ಮೇಲೆ ಕಾದಂಬರಿ ಓಡಬೇಕಾಗಿಲ್ಲ. ಪ್ರಾಣೇಶಾಚಾರ್ಯರು ತಾಳೆಗರಿಗಳನ್ನು ತಿರುವುತ್ತ ಕೂತಷ್ಟು ಹೊತ್ತೂ ಹೊರಗೆ ಹೆಣ ಕೊಳೆಯುತ್ತಿದೆ, ಇಲಿಗಳು ಸಾಯುತ್ತಿವೆ, ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತಿವೆ. ಒಳಗಿನ ನಿಧಾನಕ್ಕೆ ಹೊರಗಿನ ಕೊಳೆತವೇ ಗಡಿಯಾರ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರೆಲ್ಲ ಒಲೆಯ ಸುತ್ತ ಕೂತು ರಾತ್ರಿ ಕಡಲೆಕಾಯಿ ತಿನ್ನುತ್ತಾರೆ. ‘ಏನೂ ನಡೆಯದ’ ಆ ದೃಶ್ಯ ಕೃತಿಯ ಹೃದಯ. ಕದ್ದು ತಂದ ಆ ಕಾಯಿ ಬೆಳಗಾಗುವುದರೊಳಗೆ ಸಿಪ್ಪೆಯೂ ಉಳಿಯದಂತೆ ಮುಗಿಯಬೇಕೆಂಬ ಅರಿವು ಪ್ರತಿ ಮಾತಿನ ಹಿಂದೆ ಇರುವುದರಿಂದ, ಆ ಕುಟುಂಬದ ನಗು, ಜಗಳ, ಹಸಿವುಗಳನ್ನು ಲೇಖಕರು ಎಷ್ಟು ಬಿಡುವಾಗಿ ಬೇಕಾದರೂ ತೋರಿಸಬಲ್ಲರು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಅವಸರವನ್ನು ಕುರಿತು ಆರಂಭದಲ್ಲೇ ಹೇಳುವ ಮಾತು ಕನ್ನಡ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ಅದನ್ನು ಬಾಯಿಪಾಠ ಮಾಡಿದವರೇ ಕಮ್ಮಟದಲ್ಲಿ ‘ಎಳೆದಿದೆ’ ಎನ್ನುವುದು ವಿಚಿತ್ರ. ನೂರಾರು ಪುಟಗಳುದ್ದಕ್ಕೂ ಗುತ್ತಿಯ ಹಿಂದೆ ನಡೆದು ಬಂದ ನಾಯಿ ಹುಲಿಯ ಕೊನೆಗೆ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುವಾಗ ಓದುಗನ ಎದೆ ಹಿಂಡುವುದು ಆ ನೂರಾರು ಪುಟಗಳ ಬಲದಿಂದ.

ಹಾಗೆಂದು ನಿಧಾನವೇ ಶ್ರೇಷ್ಠ ಎಂಬ ಪ್ರತಿಸೂತ್ರವನ್ನು ಕಟ್ಟಹೊರಟರೆ ಅದೂ ಅಷ್ಟೇ ಟೊಳ್ಳು. ಕನ್ನಡಕ್ಕೆ ಅದರ ಅನುಭವವೂ ಇದೆ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂಬ ಲಕ್ಷಣವನ್ನು ಸರಕಾರಿ ನಮೂನೆ ಭರ್ತಿ ಮಾಡುವಂತೆ ಪಾಲಿಸಿದ ಚಂಪೂಗಳು ಕಡಿಮೆಯೇನಿಲ್ಲ. ಸಮುದ್ರವಾಯಿತು, ಪರ್ವತವಾಯಿತು, ಚಂದ್ರೋದಯವಾಯಿತು, ಜಲಕ್ರೀಡೆ ಬಾಕಿ ಎಂಬಂತೆ ನಡೆಯುವ ಆ ಕಾವ್ಯಗಳಲ್ಲಿ ವರ್ಣನೆ ಯಾವ ಪಾತ್ರದ ಕಣ್ಣಿನಿಂದಲೂ ಹುಟ್ಟುವುದಿಲ್ಲ, ಯಾವ ಘಟನೆಗೂ ಬಂಡವಾಳವಾಗುವುದಿಲ್ಲ. ಇಂದಿನ ಕಥೆಗಳಲ್ಲಿಯೂ ಮಳೆ, ಹಂಚಿನ ಮನೆ, ಕಾಫಿಯ ಹಬೆಗಳು ಹೀಗೆಯೇ ಪಟ್ಟಿಯ ಪ್ರಕಾರ ಬಂದು ಹೋಗುವುದುಂಟು. ಅವುಗಳನ್ನು ಕತ್ತರಿಸಲೇಬೇಕು. ಆದರೆ ಕತ್ತರಿಸಲು ಕಾರಣ ‘ನಿಧಾನವಾಯಿತು’ ಎಂಬುದಾಗಬಾರದು. ಆ ನಿಧಾನ ಯಾವ ಕೆಲಸವನ್ನೂ ಮಾಡಲಿಲ್ಲ ಎಂಬುದಾಗಬೇಕು. ಹದಿನೆಂಟು ವರ್ಣನೆಗಳ ಪಟ್ಟಿ ಮತ್ತು ಹದಿನೈದು ಘಟ್ಟಗಳ ಪಟ್ಟಿ ಇವೆರಡೂ ಒಂದೇ ಕುಲದವು. ಎರಡೂ ಲೇಖಕನ ವಿವೇಚನೆಯ ಜಾಗದಲ್ಲಿ ಲೆಕ್ಕದ ಪುಸ್ತಕವನ್ನು ಕೂರಿಸುತ್ತವೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವುದು ವಾಕ್ಯವನ್ನು ಕುರಿತ ಸಲಹೆ. ‘ವೇಗ ಬೇಕಾದರೆ ಚಿಕ್ಕ ವಾಕ್ಯ’ ಎಂಬುದು ಇಂಗ್ಲಿಷಿನ ಅನುಭವದಿಂದ ಬಂದ ಮಾತು. ಅಲ್ಲಿ ಅದು ಎಷ್ಟರಮಟ್ಟಿಗೆ ನಿಜವೋ ಆ ಭಾಷೆಯವರು ಹೇಳಲಿ. ಕನ್ನಡದಲ್ಲಿ ಅದು ಬಹುಮಟ್ಟಿಗೆ ತಲೆಕೆಳಗು. ಒಂದು ಸರಳ ಪ್ರಯೋಗ ಸಾಕು. ‘ಅವನು ಎದ್ದ. ಬಾಗಿಲು ತೆಗೆದ. ಅಂಗಳಕ್ಕೆ ಬಂದ. ಸುತ್ತ ನೋಡಿದ.’ ಇಲ್ಲಿ ನಾಲ್ಕು ಕ್ರಿಯೆಗಳು, ನಾಲ್ಕು ಪೂರ್ಣವಿರಾಮಗಳು. ಪ್ರತಿ ಕ್ರಿಯೆಯೂ ಮುಗಿದು ನಿಲ್ಲುತ್ತದೆ, ಓದುಗ ನಾಲ್ಕು ಸಲ ಕಾಲೂರಿ ಮತ್ತೆ ಹೆಜ್ಜೆ ಎತ್ತಬೇಕು. ‘ಎದ್ದು ಬಾಗಿಲು ತೆಗೆದು ಅಂಗಳಕ್ಕೆ ಬಂದು ಸುತ್ತ ನೋಡಿದ.’ ಇಲ್ಲಿ ಅವೇ ನಾಲ್ಕು ಕ್ರಿಯೆಗಳು ಒಂದೇ ಉಸಿರಿನಲ್ಲಿ ಜಾರಿ ಕೊನೆಯ ಕ್ರಿಯಾಪದದಲ್ಲಿ ನೆಲೆಗೊಳ್ಳುತ್ತವೆ. ಉದ್ದದ ವಾಕ್ಯ ವೇಗವಾಗಿ ಓಡಿತು. ಚಿಕ್ಕ ವಾಕ್ಯಗಳು ತಡೆದು ನಿಲ್ಲಿಸಿದವು.

ಕಾರಣ ಕನ್ನಡ ವ್ಯಾಕರಣದಲ್ಲಿದೆ. ಶಾಲೆಯ ವ್ಯಾಕರಣ ‘ಕೃದಂತಾವ್ಯಯ’ ಎಂದು ಕರೆಯುವ ಎದ್ದು, ತೆಗೆದು, ಬಂದು ಮುಂತಾದ ರೂಪಗಳು ಕ್ರಿಯೆಯನ್ನು ಹೇಳುತ್ತವೆ, ಆದರೆ ಮುಗಿಸುವುದಿಲ್ಲ. ಇವುಗಳಿಂದ ಕಥೆಗಾರ ಎಷ್ಟು ಕ್ರಿಯೆಗಳನ್ನಾದರೂ ಸರಪಳಿಯಂತೆ ಪೋಣಿಸಬಲ್ಲ. ಮುಖ್ಯ ಕ್ರಿಯಾಪದ ವಾಕ್ಯದ ಕೊನೆಗೇ ಬರುವುದರಿಂದ, ಏನಾಯಿತೆಂಬುದು ಕೊನೆಯವರೆಗೂ ತಿಳಿಯದ ಒಂದು ಬಿಗುವು ಭಾಷೆಯಲ್ಲೇ ಸಹಜವಾಗಿದೆ. ವಡ್ಡಾರಾಧನೆಯ ಗದ್ಯ ಈ ಸರಪಳಿಯನ್ನು ಎಳೆಯುವ, ಸಡಿಲಿಸುವ, ತಟ್ಟನೆ ಕಡಿಯುವ ಬಗೆಗಳನ್ನೆಲ್ಲ ಸಾವಿರ ವರ್ಷಗಳ ಹಿಂದೆಯೇ ಬಲ್ಲುದು. ಇದರ ಜೊತೆಗೆ ‘ಹೋಗುತ್ತಿದ್ದ’, ‘ಹೋಗಿದ್ದ’, ‘ಹೋಗಿಬಿಟ್ಟ’ ಎಂಬ ರೂಪಗಳ ನಡುವಿನ ವ್ಯತ್ಯಾಸವೂ ಗತಿಯದೇ. ಮೊದಲನೆಯದು ಹತ್ತು ವರ್ಷಗಳ ರೂಢಿಯನ್ನು ಒಂದು ಪದದಲ್ಲಿ ಹೇಳಬಲ್ಲದು; ಕೊನೆಯದು ಒಂದು ಕ್ಷಣವನ್ನು ಮರಳಿ ಬಾರದಂತೆ ಮುಚ್ಚಬಲ್ಲದು. ತನ್ನ ಭಾಷೆಯಲ್ಲೇ ಇಂಥ ಉಪಕರಣಗಳಿರುವಾಗ ಅವುಗಳ ಹೆಸರನ್ನೂ ಹೇಳದೆ ತುಂಡುವಾಕ್ಯಗಳನ್ನು ಬರೆಯಿಸುವ ಕಮ್ಮಟ, ನೇಗಿಲು ಮನೆಯಲ್ಲಿಟ್ಟು ಉಗುರಿನಿಂದ ಹೊಲ ಗೀರಿಸಿದಂತೆ.

ಹಾಗಾದರೆ ಕಮ್ಮಟ ಏನು ಮಾಡಬೇಕು? ಗತಿಯನ್ನು ಉಪನ್ಯಾಸದಿಂದ ಕಲಿಸಲಾಗದು. ಕೈಯಿಂದ ಮಾಡಿಸಿಯೇ ಕಲಿಸಬೇಕು. ಮೊದಲ ಅಭ್ಯಾಸ ಅಳತೆಯದು. ಶಿಬಿರಾರ್ಥಿ ತನ್ನ ಕಥೆಯ ಪ್ರತಿ ಪರಿಚ್ಛೇದದ ಅಂಚಿನಲ್ಲಿ ಎರಡು ಸಂಖ್ಯೆಗಳನ್ನು ಬರೆಯಲಿ: ಎಷ್ಟು ಸಾಲು, ಕಥೆಯಲ್ಲಿ ಎಷ್ಟು ಕಾಲ. ಹತ್ತು ಸಾಲಿಗೆ ಒಂದು ನಿಮಿಷ, ಎರಡು ಸಾಲಿಗೆ ಮೂರು ವರ್ಷ, ಎಂಟು ಸಾಲಿಗೆ ಶೂನ್ಯ ಎಂಬ ಪಟ್ಟಿ ಕಣ್ಣಮುಂದೆ ಬಂದಾಗ ತನ್ನ ಕಥೆ ಎಲ್ಲಿ ನಿಂತಿದೆ, ಎಲ್ಲಿ ನೆಗೆದಿದೆ ಎಂಬುದು ಲೇಖಕನಿಗೆ ಮೊದಲ ಬಾರಿಗೆ ಕಾಣುತ್ತದೆ. ಅನೇಕರಿಗೆ ತಮ್ಮ ಕಥೆಯ ಅತಿ ಮುಖ್ಯ ಸಂಗತಿ ಒಂದೂವರೆ ಸಾಲಿನಲ್ಲಿ ಮುಗಿದು, ಬಸ್ಸಿನ ಪ್ರಯಾಣ ಒಂದು ಪುಟ ತಿಂದಿರುವುದು ಆಗ ಗೊತ್ತಾದೀತು.

ಎರಡನೆಯದು ಹಿಗ್ಗಿಸುವ, ಕುಗ್ಗಿಸುವ ಅಭ್ಯಾಸ. ನಾಗಶ್ರೀಯ ದಾರಿಯನ್ನು ನೂರು ಪದಗಳಲ್ಲಿ ಬರೆಯಲಿ, ಅನಂತರ ಸಾವಿರ ಪದಗಳಲ್ಲಿ ಬರೆಯಲಿ. ಎರಡನ್ನೂ ಓದಿ, ಎರಡರ ಅರ್ಥ ಒಂದೇ ಉಳಿಯಿತೇ ಎಂದು ಚರ್ಚಿಸಲಿ. ಕುಗ್ಗಿಸುವುದಕ್ಕೆ ಒಳ್ಳೆಯ ಗುರು ಶಾಸನಗಳು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪ್ರಾಚೀನ ನಿಸಿದಿ ಶಾಸನಗಳಲ್ಲಿ ಒಂದು ಇಡೀ ಬದುಕು ಕೆಲವೇ ಸಾಲುಗಳಿಗೆ ಇಳಿದಿರುತ್ತದೆ. ಆದರೆ ಅವುಗಳಲ್ಲಿ ಕೆಲವು ಕೊನೆಯ ವ್ರತದ ಅವಧಿಯನ್ನು ಮಾತ್ರ ಎಣಿಸಿ ಹೇಳುತ್ತವೆ. ದಶಕಗಳನ್ನು ಬಿಟ್ಟು ದಿನಗಳನ್ನು ಎಣಿಸಿದವರಿಗೆ ಎಲ್ಲಿ ಕಾಲ ಕೊಡಬೇಕೆಂದು ತಿಳಿದಿತ್ತು.

ಮೂರನೆಯದು ವಾಕ್ಯದ ಅಭ್ಯಾಸ. ಒಂದೇ ಘಟನೆಯನ್ನು ಸರಪಳಿ ವಾಕ್ಯದಲ್ಲಿಯೂ ಬಿಡಿ ವಾಕ್ಯಗಳಲ್ಲಿಯೂ ಬರೆದು ಗಟ್ಟಿಯಾಗಿ ಓದಿಸಬೇಕು. ಕಣ್ಣಿಗೆ ಮೋಸ ಮಾಡಬಹುದಾದ ಗತಿ ಕಿವಿಗೆ ಮೋಸ ಮಾಡಲಾರದು. ಕನ್ನಡ ನಾಡಿನಲ್ಲಿ ಕಿವಿಯ ಶಿಕ್ಷಣಕ್ಕೆ ಕೊರತೆಯೂ ಇಲ್ಲ. ತಾಳಮದ್ದಳೆಯಲ್ಲಿ ಭಾಗವತರು ಒಂದು ಪದ್ಯ ಹಾಡಿ ನಿಲ್ಲಿಸಿದ ಮೇಲೆ ಅರ್ಥಧಾರಿಗಳು ಅದೇ ಬಿಂದುವಿನಲ್ಲಿ ಬಹಳ ಹೊತ್ತು ವಾದಿಸುತ್ತಾರೆ. ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ, ಆದರೂ ಸಭೆ ಏಳುವುದಿಲ್ಲ. ಏಕೆ ಏಳುವುದಿಲ್ಲ ಎಂಬ ಪ್ರಶ್ನೆಯನ್ನು ಒಂದು ಮಧ್ಯಾಹ್ನವಿಡೀ ಚರ್ಚಿಸಿದರೆ ಹತ್ತು ಸೂತ್ರಗಳು ಕಲಿಸದ್ದನ್ನು ಅದು ಕಲಿಸುತ್ತದೆ. ಸಭೆಗೆ ಕಥೆಯ ಮುಂದಿನ ಹೆಜ್ಜೆ ಗೊತ್ತೇ ಇದೆ. ಕುತೂಹಲ ಇರುವುದು ಏನಾಗುತ್ತದೆ ಎಂಬುದರಲ್ಲಿ ಅಲ್ಲ, ಈ ಮನುಷ್ಯ ತನ್ನ ನಡೆಯನ್ನು ಹೇಗೆ ಸಮರ್ಥಿಸಿಕೊಳ್ಳುತ್ತಾನೆ ಎಂಬುದರಲ್ಲಿ.

ಇಷ್ಟು ಶ್ರಮ ಬೇಕೇ, ಎರಡು ದಿನಗಳ ಶಿಬಿರದಲ್ಲಿ ಸೂತ್ರಗಳನ್ನಾದರೂ ಕೊಟ್ಟು ಕಳುಹಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸೂತ್ರದಿಂದ ಹಾನಿಯಾಗದಿದ್ದರೆ ಆ ಮಾತಿಗೆ ಬೆಲೆಯಿರುತ್ತಿತ್ತು. ಹಾನಿಯಾಗುತ್ತಿರುವುದು ಎಲ್ಲಿ ಎಂಬುದನ್ನು ಗಮನಿಸಬೇಕು. ಕಮ್ಮಟಗಳಿಗೆ ಬರುವ ಹೊಸಬರಲ್ಲಿ ಹಳ್ಳಿಗಳಿಂದ, ಬರಹದ ಪರಂಪರೆಯಿಲ್ಲದ ಮನೆಗಳಿಂದ ಬಂದವರು ಅನೇಕರು. ಅವರು ಹೊತ್ತು ತರುವ ಮುಖ್ಯ ಬಂಡವಾಳ ಕಥಾವಸ್ತುವಲ್ಲ. ಕಾಲವನ್ನು ಕುರಿತ ತಮ್ಮದೇ ಆದ ಅನುಭವ. ಮಳೆಗೆ ಕಾಯುವ ಕಾಲ, ಆಸ್ಪತ್ರೆಯ ವರಾಂಡದಲ್ಲಿ ಕೂತ ಕಾಲ, ಕೂಲಿಯ ದಿನದ ಕಾಲ, ಹೆಣ್ಣುಮಗಳೊಬ್ಬಳು ಒಲೆಯ ಮುಂದೆ ಕಳೆದ ಕಾಲ. ಈ ಕಾಲಗಳಲ್ಲಿ ಯಾವುದೂ ಹದಿನೈದು ಘಟ್ಟಗಳ ಲೆಕ್ಕಕ್ಕೆ ಸಿಕ್ಕುವಂಥದ್ದಲ್ಲ. ‘ಇಲ್ಲಿ ಏನೂ ನಡೆಯುತ್ತಿಲ್ಲ, ತೆಗೆದುಬಿಡಿ’ ಎಂದು ಬೋಧಕ ಗೆರೆ ಎಳೆದಾಗ ಹೋಗುವುದು ಒಂದು ಪರಿಚ್ಛೇದ ಮಾತ್ರವಲ್ಲ. ಆ ಬರಹಗಾರನಿಗೆ ಮಾತ್ರ ಗೊತ್ತಿದ್ದ ಒಂದು ಕಾಲಾನುಭವ ಕನ್ನಡಕ್ಕೆ ಬಾರದೆ ಹೋಗುತ್ತದೆ. ಸಾಕವ್ವನ ಮನೆಯ ಕಡಲೆಕಾಯಿಯ ರಾತ್ರಿ ಇಂಥ ಒಂದು ಗೆರೆಯ ಕೆಳಗೆ ಹೋಗಿದ್ದರೆ ಕನ್ನಡಕ್ಕೆ ಆಗುತ್ತಿದ್ದ ನಷ್ಟ ಎಷ್ಟೆಂದು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ಆದ್ದರಿಂದ ಕಮ್ಮಟ ನಡೆಸುವವರಿಗೆ ಒಂದು ನಿಯಮ ಸಾಕು. ಯಾರ ಕಥೆಯನ್ನೇ ಆಗಲಿ ‘ಎಳೆದಿದೆ’ ಎನ್ನುವ ಮುನ್ನ ಬೋಧಕ ಆ ಸಾಲುಗಳ ಮೇಲೆ ಬೆರಳಿಟ್ಟು, ಅವು ಅಲ್ಲಿ ಏನು ಮಾಡಲು ಯತ್ನಿಸುತ್ತಿವೆ ಎಂದು ಮೊದಲು ಹೇಳಬೇಕು. ಆಮೇಲೆ ಅವು ಅದನ್ನು ಮಾಡಿಲ್ಲವೆಂದು ತೋರಿಸಬೇಕು. ಇದನ್ನು ಹೇಳಲಾರದವನು ಕತ್ತರಿಯನ್ನು ಕೆಳಗಿಡಲಿ. ಕಥೆಯನ್ನು ಇನ್ನೊಮ್ಮೆ, ಈ ಸಲ ಗಟ್ಟಿಯಾಗಿ, ಓದಿಸಲಿ.